ಊರ ಹೆಸರು ಮಾರುವವರು

‘ಬ್ರೌವೆರೈ ಬೆಕ್ ಅಂಡ್ ಕಂಪನಿ, ಸೇಂಟ್ ಲೂಯಿಸ್, ಮಿಸೌರಿ.’ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಬೆಕ್ಸ್ ಎಂಬ ಬಿಯರಿನ ಬಾಟಲಿಯ ಮೇಲೆ ಕೆಲವು ವರ್ಷ ಹೀಗೊಂದು ಸಾಲು ಇತ್ತು. ಮೊದಲ ಪದ ಜರ್ಮನ್ ಭಾಷೆಯದು, ಬಿಯರ್ ಕಾರ್ಖಾನೆ ಎಂದರ್ಥ. ಕೊನೆಯದು ಅಮೆರಿಕದ ನಡುಭಾಗದ ಒಂದು ರಾಜ್ಯದ ಹೆಸರು. ಜರ್ಮನಿಯಲ್ಲಿ ಹೊರಟ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಮಿಸೌರಿಯಲ್ಲಿ ದಡ ಸೇರುತ್ತಿತ್ತು. ಬಾಟಲಿಯೊಳಗಿನ ಬಿಯರ್ ಮಾತ್ರ ಯಾವ ಸಾಗರವನ್ನೂ ದಾಟಿರಲಿಲ್ಲ. ಅದು ಹುಟ್ಟಿದ್ದೂ ಮಿಸೌರಿಯಲ್ಲೇ.

ಬಿಯರಿನ ಸುದ್ದಿ ಈ ಪುಟಗಳಲ್ಲಿ ಏಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಮದ್ಯದ ಬಗ್ಗೆ ನಮ್ಮ ನಿಲುವು ಅವರಿಗೆ ಗೊತ್ತೇ ಇದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಕುಡಿಯುವವನಿಗೆ ಮೋಸವಾದರೆ ನಮಗೇನು ಎಂಬ ಮಾತೂ ಬಂದೀತು. ಆದರೆ ಮೋಸಹೋದವನ ನಡತೆ ನೋಡಿ ಮೋಸವನ್ನು ಅಳೆಯುವುದು ನ್ಯಾಯವಲ್ಲ. ತೂಗುತ್ತಿರುವುದು ಬೆಲ್ಲವೋ ಹೊಗೆಸೊಪ್ಪೋ ಎಂದು ಕೇಳಿಕೊಂಡು ತೂಕದ ಕಲ್ಲನ್ನು ಪರೀಕ್ಷಿಸುವವರುಂಟೆ? ಅಲ್ಲದೆ ಈ ವ್ಯಾಪಾರದಲ್ಲಿ ಮೋಸಹೋಗುತ್ತಿರುವವನು ಕುಡಿಯುವವನೊಬ್ಬನೇ ಅಲ್ಲ. ಅವನಿಗಿಂತ ಹೆಚ್ಚಾಗಿ ಕಳೆದುಕೊಳ್ಳುತ್ತಿರುವವರು ಬೇರೆ ಇದ್ದಾರೆ. ಅವರ ಬಗ್ಗೆ ಹೇಳಲೆಂದೇ ಈ ಬರಹ.

ಮೊದಲು ಬೆಕ್ಸ್‌ನ ಕಥೆ. ಜರ್ಮನಿಯ ಬ್ರೆಮೆನ್ ನಗರದಲ್ಲಿ 1873ರಲ್ಲಿ ಹುಟ್ಟಿದ ಬಿಯರ್ ಇದು. ಬೆಲ್ಜಿಯಂ ಮೂಲದ ಕಂಪನಿಯೊಂದು ಅದನ್ನು ಕೊಂಡಿತು. ಅದೇ ಕಂಪನಿ ಬೆಳೆದು ಇನ್‌ಬೆವ್ ಆಗಿ, 2008ರಲ್ಲಿ ಅಮೆರಿಕದ ದೈತ್ಯ ಆನ್‌ಹೈಸರ್-ಬುಶ್ ಅನ್ನೂ ನುಂಗಿತು. ಸೇಂಟ್ ಲೂಯಿಸ್‌ನ ಭಾರೀ ಕಾರ್ಖಾನೆ ಹೀಗೆ ಕೈಗೆ ಬಂದ ಮೇಲೆ ಬ್ರೆಮೆನ್‌ನಿಂದ ಹಡಗಿನಲ್ಲಿ ಬಾಟಲಿ ತರಿಸುವುದೇಕೆ? 2012ರಿಂದ ಅಮೆರಿಕದ ಬೆಕ್ಸ್ ಅಮೆರಿಕದಲ್ಲೇ ತಯಾರಾಗತೊಡಗಿತು. ಹಡಗಿನ ಬಾಡಿಗೆ ಉಳಿಯಿತು. ಆದರೆ ಬಾಟಲಿ ಮೊದಲಿನಂತೆ ವಿದೇಶಿ ಬಿಯರುಗಳ ಸಾಲಿನಲ್ಲೇ ಕೂತಿತು. ಮೂಲ ಬ್ರೆಮೆನ್, ಗುಣಮಟ್ಟ ಜರ್ಮನ್, ತಯಾರಿಕೆ 1516ರ ಜರ್ಮನ್ ಶುದ್ಧತಾ ಕಾನೂನಿನ ಪ್ರಕಾರ ಎಂಬ ಬಿರುದುಗಳೂ ಹಾಗೆಯೇ ಉಳಿದವು. (ಆ 1516ರ ಕಾನೂನು ಹುಟ್ಟಿದ್ದು ದಕ್ಷಿಣದ ಬವೇರಿಯದಲ್ಲಿ, ಬ್ರೆಮೆನ್ ಇರುವುದು ಉತ್ತರದಲ್ಲಿ. ಇಡೀ ಜರ್ಮನಿಗೆ ಅದು ಅನ್ವಯವಾದದ್ದು 1906ರಲ್ಲಿ. ಬಿರುದಿನೊಳಗೇ ಇನ್ನೊಂದು ಊರಿನ ಸಾಲ ಇದೆ ಎನ್ನೋಣ.)

2013ರಲ್ಲಿ ಕೆಲವು ಗ್ರಾಹಕರು ತಮ್ಮಂಥ ಎಲ್ಲರ ಪರವಾಗಿ ಮಯಾಮಿಯ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕಂಪನಿಯ ವಾದ ಸರಳವಾಗಿತ್ತು: ‘ಪ್ರಾಡಕ್ಟ್ ಆಫ್ ಯುಎಸ್ಎ’ ಎಂದು ನಾವು ಬರೆದಿದ್ದೇವಲ್ಲ! ಬರೆದಿದ್ದರು, ನಿಜ. ಬೆಳ್ಳಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದಾರೆ, ಓದುವುದು ಹೇಗೆ ಎಂದು ಗ್ರಾಹಕರು ಕೇಳಿದರು. ಆ ಸಾಲು ಕಾಣಬೇಕಾದರೆ ಗ್ರಾಹಕ ಅಂಗಡಿಯಲ್ಲೇ ರಟ್ಟಿನ ಪೆಟ್ಟಿಗೆ ಒಡೆಯಬೇಕು, ಇಲ್ಲವೇ ಅದರೊಳಗಿಂದ ಬಾಟಲಿ ಎತ್ತಿ ನೋಡಬೇಕು ಎಂಬುದನ್ನು ನ್ಯಾಯಾಧೀಶರು ಗಮನಿಸಿದರು. ದಾವೆಯನ್ನು ವಜಾ ಮಾಡಲು ಒಪ್ಪಲಿಲ್ಲ. ಕೊನೆಗೆ 2015ರಲ್ಲಿ ರಾಜಿಯಾಯಿತು.

ರಾಜಿಯ ಲೆಕ್ಕ ಓದಿದರೆ ನಗು ಬರುತ್ತದೆ. ಬಿಡಿ ಬಾಟಲಿಗೆ 10 ಸೆಂಟ್ ವಾಪಸ್. ಆರರ ಕಟ್ಟಿಗೆ 50 ಸೆಂಟ್. ಕೊಂಡ ರಸೀದಿ ಇಟ್ಟುಕೊಂಡ ಮನೆಗೆ ಹೆಚ್ಚೆಂದರೆ 50 ಡಾಲರ್, ರಸೀದಿ ಇಲ್ಲದವರಿಗೆ 12 ಡಾಲರ್. ಬಿಯರ್ ಕೊಂಡ ರಸೀದಿಯನ್ನು ವರ್ಷಗಟ್ಟಲೆ ಜೋಪಾನ ಮಾಡುವ ಮಹಾಶಯರು ಎಷ್ಟು ಜನರಿದ್ದರೋ! ವಕೀಲರ ಪಾಲಿಗೆ ಬಂದದ್ದು 35 ಲಕ್ಷ ಡಾಲರ್. ಇದೇ ಕಂಪನಿ ಜಪಾನಿನ ಕಿರಿನ್ ಬಿಯರನ್ನು 1996ರಿಂದಲೂ ಲಾಸ್ ಏಂಜಲೀಸ್ ಮತ್ತು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ತಯಾರಿಸಿ ಜಪಾನಿ ಬಿಯರ್ ಎಂದು ಮಾರುತ್ತಿತ್ತು. ಅಲ್ಲೂ ದಾವೆ, ಅಲ್ಲೂ ರಾಜಿ, ಅಲ್ಲೂ ಅದೇ 50 ಮತ್ತು 12 ಡಾಲರ್.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಗ್ರಾಹಕ ಮತ್ತು ಕಂಪನಿಯ ನಡುವಿನ ಚಿಲ್ಲರೆ ಜಗಳ ಎಂದು ನಾವು ಬಿಟ್ಟುಬಿಡುತ್ತಿದ್ದೆವು. ಆದರೆ ಲಾಟ್ರೋಬ್ ಎಂಬ ಊರಿನ ಕಥೆ ತಿಳಿದ ಮೇಲೆ ಹಾಗೆ ಬಿಡಲು ಆಗಲಿಲ್ಲ.

ಪೆನ್ಸಿಲ್ವೇನಿಯ ರಾಜ್ಯದ ಪಶ್ಚಿಮಕ್ಕೆ, ಪಿಟ್ಸ್‌ಬರ್ಗ್ ನಗರದ ಪೂರ್ವಕ್ಕೆ ಲಾಟ್ರೋಬ್ ಇದೆ. ಚಿಕ್ಕ ಊರು. ಅಲ್ಲಿನ ಕಾರ್ಖಾನೆಯಲ್ಲಿ 1939ರಿಂದ ರೋಲಿಂಗ್ ರಾಕ್ ಎಂಬ ಬಿಯರ್ ತಯಾರಾಗುತ್ತಿತ್ತು. ಹಸಿರು ಬಾಟಲಿ, ಅದರ ಮೈಮೇಲೆ ಲಾಟ್ರೋಬಿನ ಗಾಜಿನ ಒಳಮೈಯ ತೊಟ್ಟಿಗಳನ್ನು ಹೊಗಳುವ ಒಂದು ಸಣ್ಣ ಪ್ರತಿಜ್ಞೆ. ಊರಿಗೆ ಆ ಬಾಟಲಿಯೇ ಗುರುತಾಗಿತ್ತು. ಧಾರವಾಡ ಎಂದರೆ ಪೇಡೆ ಎನ್ನುವ ಹಾಗೆ. 2006ರಲ್ಲಿ ಇನ್‌ಬೆವ್ ಕಂಪನಿ ರೋಲಿಂಗ್ ರಾಕ್ ಎಂಬ ಹೆಸರನ್ನು 8.2 ಕೋಟಿ ಡಾಲರಿಗೆ ಆನ್‌ಹೈಸರ್-ಬುಶ್‌ಗೆ ಮಾರಿತು. ಗಮನಿಸಿ, ಮಾರಿದ್ದು ಹೆಸರನ್ನು. ಕಾರ್ಖಾನೆಯನ್ನಲ್ಲ, ಕೆಲಸಗಾರರನ್ನಲ್ಲ, ಊರಿನ ನೀರನ್ನಲ್ಲ. ಕೊಂಡವರು ಬಿಯರ್ ತಯಾರಿಕೆಯನ್ನು ನ್ಯೂಜೆರ್ಸಿಯ ನ್ಯೂಆರ್ಕ್‌ಗೆ ಸಾಗಿಸಿದರು. ಬಾಟಲಿಯ ಮೇಲಿನ ಲಾಟ್ರೋಬಿನ ತೊಟ್ಟಿಗಳ ಸ್ತುತಿಯನ್ನು ಮಾತ್ರ ಅಳಿಸಲಿಲ್ಲ. ಸಂಪ್ರದಾಯದ ಗೌರವಾರ್ಥ ಹಳೆಯ ಮಾತನ್ನು ಉಳಿಸಿಕೊಂಡಿದ್ದೇವೆ ಎಂಬ ಒಕ್ಕಣೆ ಸೇರಿಸಿ ಕೈತೊಳೆದುಕೊಂಡರು. (ಎರಡೇ ವರ್ಷದಲ್ಲಿ ಮಾರಿದವನೇ ಕೊಂಡವನನ್ನು ಕೊಂಡುಬಿಟ್ಟ. ಹೆಸರು ಹಳೆಯ ಯಜಮಾನನ ಜೇಬಿಗೆ ಮರಳಿತು, ಊರಿಗೆ ಮರಳಲಿಲ್ಲ.)

ಲಾಟ್ರೋಬಿನ ಕಾರ್ಖಾನೆ ವಿಸ್ಕಾನ್ಸಿನ್ ಮೂಲದ ಸಿಟಿ ಬ್ರೂಯಿಂಗ್ ಎಂಬ ಕಂಪನಿಯ ಪಾಲಾಯಿತು. ಅದು ಯಾರು ಕೇಳಿದರೆ ಅವರ ಬಿಯರನ್ನು ಗುತ್ತಿಗೆಗೆ ಮಾಡಿಕೊಡುವ ಕಂಪನಿ. 2012ರಲ್ಲಿ ಅಲ್ಲಿಗೆ ಬಂದ ಕೆಲಸ ಯಾವುದು ಗೊತ್ತೆ? ರೆಡ್ ಸ್ಟ್ರೈಪ್. ಜಮೈಕಾದ ಬಿಯರ್! ಕಿಂಗ್‌ಸ್ಟನ್ ನಗರದ ಡೆಸ್ನೋಸ್ ಅಂಡ್ ಗೆಡ್ಡೆಸ್ ಎಂಬ, 1918ರಲ್ಲಿ ಹುಟ್ಟಿದ ಕಂಪನಿಯ ಹೆಮ್ಮೆಯ ಸರಕು. ಆಗ ಅದರ ಒಡೆತನ ಬ್ರಿಟನ್ನಿನ ಡಿಯಾಜಿಯೊ ಕಂಪನಿಯ ಕೈಯಲ್ಲಿತ್ತು. ಅಮೆರಿಕನ್ನರು ಕುಡಿಯುವ ರೆಡ್ ಸ್ಟ್ರೈಪನ್ನು ಕಿಂಗ್‌ಸ್ಟನ್ನಿನಿಂದ ತರಿಸುವುದನ್ನು ಬಿಟ್ಟು ಲಾಟ್ರೋಬಿನಲ್ಲಿ ಮಾಡಿಸತೊಡಗಿದರು.

ಈ ಚಿತ್ರವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಲಾಟ್ರೋಬಿನ ಹೆಸರು ಹೊತ್ತ ಬಿಯರ್ ನ್ಯೂಆರ್ಕಿನಲ್ಲಿ ತಯಾರಾಗುತ್ತಿದೆ. ಲಾಟ್ರೋಬಿನ ಕೈಗಳು ತಯಾರಿಸುತ್ತಿರುವ ಬಿಯರ್ ಜಮೈಕಾದ ಹೆಸರು ಹೊತ್ತಿದೆ. ಜಮೈಕಾದ ಕೆಲಸಗಾರ ಅಮೆರಿಕಕ್ಕೆ ಹೋಗುತ್ತಿದ್ದ ಆ ಕೆಲಸವನ್ನೇ ಕಳೆದುಕೊಂಡಿದ್ದಾನೆ. ಒಂದು ಊರಿನ ಹೆಸರು ಕಿತ್ತುಕೊಂಡರು, ಇನ್ನೊಂದು ಊರಿನ ಕೆಲಸ ಕಿತ್ತುಕೊಂಡರು. ದುಡಿದವರ ಊರು ಸಣ್ಣ ಅಕ್ಷರದಲ್ಲಿ, ದುಡಿಯದ ಊರು ದೊಡ್ಡ ಅಕ್ಷರದಲ್ಲಿ. ಇದರಲ್ಲಿ ಮೋಸಹೋದವನು ಹತ್ತು ಸೆಂಟ್ ಹೆಚ್ಚು ಕೊಟ್ಟ ಗಿರಾಕಿಯೊಬ್ಬನೇ ಏನು? ನಮ್ಮ ಆಕ್ಷೇಪದ ತಿರುಳು ಇಲ್ಲಿದೆ. ಇವರು ಮಾರುತ್ತಿರುವುದು ಬಾರ್ಲಿ, ಹಾಪ್ಸ್, ಯೀಸ್ಟ್, ನೀರನ್ನಲ್ಲ. ಅವು ಎಲ್ಲ ಕಡೆಯೂ ಸಿಗುತ್ತವೆ. ಮಾರುತ್ತಿರುವುದು ಊರಿನ ಹೆಸರನ್ನು. ಆ ಹೆಸರಿಗೆ ಬೆಲೆ ಬಂದದ್ದು ಅಲ್ಲಿನ ಜನ ತಲೆಮಾರುಗಳ ಕಾಲ ಕೆಟ್ಟದ್ದನ್ನು ಚೆಲ್ಲಿ ಒಳ್ಳೆಯದನ್ನು ಉಳಿಸಿಕೊಂಡು ಬಂದದ್ದರಿಂದ. ಕಂಪನಿ ಆ ಬೆಲೆಯನ್ನು ಗಿರಾಕಿಯಿಂದ ವಸೂಲಿ ಮಾಡುತ್ತದೆ, ಊರಿಗೆ ಬಿಡಿಗಾಸೂ ಕೊಡುವುದಿಲ್ಲ.

ರೆಡ್ ಸ್ಟ್ರೈಪ್ ಬಗ್ಗೆಯೂ 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಮರುವರ್ಷ ವಜಾ ಆಯಿತು. ಪೆಟ್ಟಿಗೆಯ ಮೇಲೆ ‘ಜಮೈಕನ್ ಸ್ಟೈಲ್’ ಎಂದೂ ‘ಜಮೈಕಾದ ರುಚಿ’ ಎಂದೂ ಇದೆ. ಶೈಲಿ ಎಂದರೇ ಅಲ್ಲಿನದಲ್ಲ ಎಂದಾಯಿತಲ್ಲ, ಬುದ್ಧಿಯಿರುವ ಗ್ರಾಹಕನಿಗೆ ತಿಳಿಯದೇ ಎಂಬುದು ತೀರ್ಪಿನ ಧಾಟಿ. ಫಾಸ್ಟರ್ಸ್ ವಿಷಯದಲ್ಲೂ ಇದೇ ಆಯಿತು. ಅಮೆರಿಕದ ಫಾಸ್ಟರ್ಸ್ 2011ರಿಂದ ತಯಾರಾಗುತ್ತಿದ್ದದ್ದು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ. ಡಬ್ಬಿಯ ಮೇಲಿದ್ದದ್ದು ಕಾಂಗರೂ. ಆಸ್ಟ್ರೇಲಿಯದವರು ಬಿಯರಿಗೆ ಫಾಸ್ಟರ್ಸ್ ಎನ್ನುತ್ತಾರೆ ಎಂಬರ್ಥದ ಜಾಹೀರಾತು ವರ್ಷಗಟ್ಟಲೆ ನಡೆಯಿತು. ದಾವೆ 2017ರಲ್ಲಿ ನ್ಯೂಯಾರ್ಕಿನಲ್ಲಿ ಬಿದ್ದುಹೋಯಿತು. ತಯಾರಾದ ಊರು ಡಬ್ಬಿಯ ಮೇಲೆ ನಮೂದಾಗಿತ್ತಲ್ಲ!

ನ್ಯಾಯಾಧೀಶರಲ್ಲಿ ನಮ್ಮ ವಿನಯಪೂರ್ವಕ ಪ್ರಶ್ನೆ ಇಷ್ಟೇ. ಕಾಂಗರೂ ಕಣ್ಣಿಗೆ ಬೀಳಲಿ ಎಂದು ಕೋಟಿಗಟ್ಟಲೆ ಖರ್ಚು ಮಾಡುವ ಕಂಪನಿ, ಊರಿನ ಹೆಸರು ಕಣ್ಣಿಗೆ ಬೀಳದಿರಲಿ ಎಂದು ಅಷ್ಟೇ ಎಚ್ಚರ ವಹಿಸಿದರೆ, ಕಾಂಗರೂ ನೋಡಿ ನಂಬಿದ ಬಡಪಾಯಿಯನ್ನು ‘ಬುದ್ಧಿಯಿಲ್ಲದವನು’ ಎನ್ನುವುದು ಯಾವ ನ್ಯಾಯ? ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ನಿಲ್ಲುವವನೇ ಬುದ್ಧಿವಂತನೇ? ‘ಶೈಲಿ’ ಎಂಬ ಒಂದು ಪದ ಸೇರಿಸಿದರೆ ಎಲ್ಲ ಪಾಪವೂ ತೊಳೆದುಹೋಗುವುದಾದರೆ ನಾಳೆ ಗುಂಟೂರಿನ ಕಾಯಿಯನ್ನು ‘ಬ್ಯಾಡಗಿ ಶೈಲಿ’ ಎಂದು ಮಾರಬಹುದು. ಪವರ್‌ಲೂಮಿನಲ್ಲಿ ನೇಯ್ದದ್ದು ‘ಇಳಕಲ್ ಶೈಲಿ’ಯ ಸೀರೆಯಾಗುತ್ತದೆ. ಹಾಗೆ ಮಾರುವವರು ಈಗಲೂ ಇದ್ದಾರೆ. ಇಳಕಲ್ಲಿನ ಮಗ್ಗದವನ ಮನೆಗೆ ಹೋಗಿ ಕೇಳಿದರೆ ಶೈಲಿ ಎಂಬ ಪದ ಎಷ್ಟು ಊಟ ಕಿತ್ತುಕೊಂಡಿದೆ ಎಂದು ಅವನು ಹೇಳಿಯಾನು.

ಇನ್ನೊಂದು ಸಮರ್ಥನೆಯೂ ಇದೆ. ಸೂತ್ರ ಅದೇ, ಯೀಸ್ಟ್ ಅದೇ, ರುಚಿ ಅದೇ. ಊರು ಬೇರೆಯಾದರೆ ಏನು ಕೊಳ್ಳೆ ಹೋಯಿತು? ಒಪ್ಪೋಣ. ರುಚಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ಸೇಂಟ್ ಲೂಯಿಸ್ ಎಂದು ದೊಡ್ಡದಾಗಿ ಬರೆಯಲು ಅಂಜಿಕೆ ಏಕೆ? ಊರು ಮುಖ್ಯವಲ್ಲ ಎನ್ನುವವನು ಊರಿನ ಹೆಸರನ್ನು ಅಷ್ಟೊಂದು ಜೋರಾಗಿ ಏಕೆ ಕೂಗುತ್ತಾನೆ? ರೆಡ್ ಸ್ಟ್ರೈಪಿನ ಮುಂದಿನ ಕಥೆಯೇ ಈ ವಾದಕ್ಕೆ ಉತ್ತರ. 2015ರಲ್ಲಿ ಡಿಯಾಜಿಯೊ ತನ್ನ ಪಾಲನ್ನು ಹಾಲೆಂಡಿನ ಹೈನೆಕೆನ್‌ಗೆ ಮಾರಿತು. ಹೊಸ ಒಡೆಯರು 2016ರಲ್ಲಿ ಅಮೆರಿಕಕ್ಕೆ ಹೋಗುವ ರೆಡ್ ಸ್ಟ್ರೈಪಿನ ತಯಾರಿಕೆಯನ್ನು ಜಮೈಕಾಕ್ಕೇ ಮರಳಿಸಿದರು. ಅವರೇನು ಧರ್ಮಕ್ಕೆ ಮಾಡಿದ್ದಲ್ಲ, ಜಮೈಕಾದ್ದು ಎಂದು ಎದೆತಟ್ಟಿ ಹೇಳಿಕೊಂಡರೆ ಲಾಭವಿದೆ ಎಂಬ ಲೆಕ್ಕ ಅವರದಿದ್ದೀತು. ಇರಲಿ. ಜಮೈಕಾದಲ್ಲೇ ಮಾಡಿ ಅಮೆರಿಕಕ್ಕೆ ಕಳಿಸಬಹುದು ಎಂಬುದಂತೂ ರುಜುವಾತಾಯಿತು.

ಬ್ರಿಟನ್ನಿಗೆ ಬಂದರೆ ಅಲ್ಲಿ ಇದು ಮನೆಮಾತು. ಫ್ರೆಂಚ್ ಬಿಯರ್ ಕ್ರೋನೆನ್‌ಬರ್ಗ್ ಮ್ಯಾಂಚೆಸ್ಟರಿನಲ್ಲಿ, ಬೆಲ್ಜಿಯಂನ ಸ್ಟೆಲ್ಲಾ ಲ್ಯಾಂಕಶೈರಿನಲ್ಲಿ ತಯಾರಾಗಿ ಪಬ್ಬುಗಳಿಗೆ ಬಂದಿವೆ. 2020ರಲ್ಲಿ ಮೋಲ್ಸನ್ ಕೂರ್ಸ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮದ್ರಿ ಎಂಬ ಹೊಸ ‘ಸ್ಪ್ಯಾನಿಷ್’ ಬಿಯರನ್ನೇ ಸೃಷ್ಟಿಸಿತು. ಸ್ಪೇನಿನ ಟೊಲೇಡೊ ಬಳಿಯ ತನ್ನದೇ ಸಣ್ಣ ಕಾರ್ಖಾನೆಯ ನೆಂಟಸ್ತಿಕೆ ತೋರಿಸಿ, ಮ್ಯಾಡ್ರಿಡ್ ನಗರದ ಆತ್ಮ ಎಂದು ಸ್ಪ್ಯಾನಿಷ್‌ನಲ್ಲೇ ಬಾಟಲಿಯ ಮೇಲೆ ಬರೆಸಿತು. ತಯಾರಾಗುವುದು ಯಾರ್ಕ್‌ಶೈರಿನ ಟ್ಯಾಡ್‌ಕಾಸ್ಟರಿನಲ್ಲಿ. ಆತ್ಮ ಮ್ಯಾಡ್ರಿಡ್‌ನದು, ದೇಹ ಯಾರ್ಕ್‌ಶೈರಿನದು!

ಇಷ್ಟು ಹೊತ್ತು ಪರದೇಶದವರನ್ನು ಬೈದದ್ದಾಯಿತು. ಬ್ರಿಟನ್ನಿನ ಇದೇ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇದೆ ಎಂಬುದನ್ನು ಮುಚ್ಚಿಟ್ಟರೆ ನಾವೂ ಬೆಳ್ಳಿಯ ಮೇಲೆ ಬಿಳಿ ಅಕ್ಷರ ಬರೆದಂತಾಗುತ್ತದೆ.

ಹೈದರಾಬಾದಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಕರಣ್ ಬಿಲಿಮೋರಿಯಾ 1989ರಲ್ಲಿ ಕೋಬ್ರಾ ಎಂಬ ಬಿಯರಿನ ವ್ಯಾಪಾರಕ್ಕೆ ಕೈಹಾಕಿದರು. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಖಾರದ ಊಟದ ಜೊತೆ ಕುಡಿಯಲು ಒಂದು ಭಾರತೀಯ ಬಿಯರ್ ಬೇಕು ಎಂಬುದು ಅವರ ಲೆಕ್ಕ. ಮೊದಲ ಬಾಟಲಿಗಳು 1990ರಲ್ಲಿ ಹೋದದ್ದು ಬೆಂಗಳೂರಿನ ಮೈಸೂರು ಬ್ರೂವರೀಸ್‌ನಿಂದ, ನಾಕೌಟ್ ಬಿಯರ್ ಮಾಡುತ್ತಿದ್ದ ಅದೇ ಕಂಪನಿಯಿಂದ. ಆಗ ಅದು ನಿಜವಾಗಿಯೂ ಭಾರತದ ಬಿಯರ್. ವ್ಯಾಪಾರ ಕುದುರಿದ ಮೇಲೆ, ತೊಂಬತ್ತರ ದಶಕ ಮುಗಿಯುವ ಮುನ್ನವೇ, ತಯಾರಿಕೆ ಇಂಗ್ಲೆಂಡಿನ ಬೆಡ್‌ಫರ್ಡ್‌ಗೆ ಹೋಯಿತು. 2009ರ ದಿವಾಳಿಯ ನಂತರ ಮೋಲ್ಸನ್ ಕೂರ್ಸ್ ಜೊತೆಗೂಡಿ ಬರ್ಟನ್ ಎಂಬ ಊರಿಗೆ ಹೋಯಿತು. ಬಿಲಿಮೋರಿಯಾ 2006ರಲ್ಲೇ ಲಾರ್ಡ್ ಆಗಿದ್ದರು. ಬೆಂಗಳೂರಿನ ಕಾರ್ಖಾನೆಗೆ ಆ ಆರ್ಡರ್ ತಪ್ಪಿತು. ಹಾವಿನ ಹೆಸರು, ಭಾರತದ ನಂಟು ಬಾಟಲಿಯ ಮೇಲೆ ಉಳಿದವು.

ಕಿಂಗ್‌ಫಿಷರ್ ಕಥೆಯೂ ಬೇರೆಯಲ್ಲ. 1915ರಲ್ಲಿ ಹುಟ್ಟಿ ಬಂಟ್ವಾಳದ ವಿಠ್ಠಲ ಮಲ್ಯರ ಕೈಯಲ್ಲಿ ಬೆಳೆದ ಯುನೈಟೆಡ್ ಬ್ರೂವರೀಸ್‌ನ ಈ ಹಕ್ಕಿ ಬ್ರಿಟನ್ನಿನಲ್ಲಿ ಬಹಳ ವರ್ಷ ಕೆಂಟ್ ಕೌಂಟಿಯ ಫೇವರ್‌ಶಮ್‌ನ ಶೆಫರ್ಡ್ ನೀಮ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅಮೆರಿಕದಲ್ಲಿ ಅದನ್ನು ಮಾಡುತ್ತಿದ್ದದ್ದು ಯುಬಿ ಗುಂಪಿನದೇ ಹಿಡಿತದಲ್ಲಿದ್ದ ಮೆಂಡೊಸಿನೊ ಕಂಪನಿ, ನ್ಯೂಯಾರ್ಕ್ ರಾಜ್ಯದ ಸಾರಾಟೋಗ ಸ್ಪ್ರಿಂಗ್ಸ್‌ನಲ್ಲಿ. 2018ರಲ್ಲಿ ಆ ಕಂಪನಿಯೇ ಮುಚ್ಚಿತು. ದೂರದೇಶದಲ್ಲಿ ಊರಿನ ನೆನಪಾಗಿ ಕಿಂಗ್‌ಫಿಷರ್ ಕೇಳಿ ತರಿಸಿಕೊಂಡ ಕನ್ನಡಿಗ ಕುಡಿದದ್ದು ಕೆಂಟಿನ ನೀರು, ಸಾರಾಟೋಗದ ನೀರು. 2021ರಲ್ಲಿ ಯುನೈಟೆಡ್ ಬ್ರೂವರೀಸ್‌ನ ಹಿಡಿತವೂ ಹೈನೆಕೆನ್‌ಗೆ ಹೋದ ಮೇಲೆ, ಹಕ್ಕಿಯ ಗೂಡು ಬೆಂಗಳೂರಿನಲ್ಲಿದ್ದರೂ ಸೂತ್ರ ಆಮ್‌ಸ್ಟರ್‌ಡಾಮಿನಲ್ಲಿದೆ.

ಇಲ್ಲೊಂದು ಸಣ್ಣ ಮಾತು. ಈ ಬಾಟಲಿಗಳು ಬಿಕರಿಯಾಗುವ ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲನ್ನು ಕಟ್ಟಿ ಬೆಳೆಸಿದವರು ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯಿಂದ ಬಂದವರು. ಅವರೂ ಸುಳ್ಳು ಹಲಗೆ ಹಾಕಿಕೊಂಡಿಲ್ಲವೇ ಎಂದು ಯಾರಾದರೂ ಕೇಳಿದರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುತ್ತೇವೆ. ಸಿಲ್ಹೆಟ್ ಎಂದರೆ ಯಾವ ಗಿರಾಕಿಗೂ ಗೊತ್ತಿಲ್ಲದ ನಾಡಿನಲ್ಲಿ, ಬದುಕಲಿಕ್ಕಾಗಿ ತನ್ನ ಊರಿನ ಹೆಸರನ್ನು ತಾನೇ ನುಂಗಿಕೊಂಡವನ ಸ್ಥಿತಿ ಬೇರೆ. ಲಾಭಕ್ಕಾಗಿ ಇನ್ನೊಬ್ಬರ ಊರಿನ ಹೆಸರನ್ನು ಹೊತ್ತೊಯ್ದ ಕಂಪನಿಯ ನಡತೆ ಬೇರೆ.

ಇನ್ನು ನಮ್ಮ ದೇಶ. ನಾವು ಈ ವಿದ್ಯೆಯಲ್ಲಿ ಲೋಕಕ್ಕೇ ಗುರುಗಳು. ಇಲ್ಲೇ ಮಾಡಿದ ವಿಸ್ಕಿ ಬ್ರಾಂದಿಗಳಿಗೆ ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’ ಎಂದು ಸರ್ಕಾರಿ ಕಾಗದಗಳೇ ಹೆಸರಿಟ್ಟಿವೆ. ಐಎಂಎಫ್‌ಎಲ್ ಎಂಬ ನಾಲ್ಕಕ್ಷರ ಕೇಳದವರಿಲ್ಲ. ಭಾರತದಲ್ಲಿ ತಯಾರಾದದ್ದು ವಿದೇಶಿ ಹೇಗೆ ಎಂದು ಯಾವ ಅಬಕಾರಿ ಸಚಿವರೂ ತಲೆಕೆಡಿಸಿಕೊಂಡಂತಿಲ್ಲ. ಬಿಯರಿನಲ್ಲೂ ಅಷ್ಟೇ. ಆಮದಿನ ಮೇಲೆ ಭಾರೀ ಸುಂಕವಿರುವುದರಿಂದ ಬಡ್‌ವೈಸರ್, ಕಾರ್ಲ್ಸ್‌ಬರ್ಗ್, 2011ರಿಂದ ಹೈನೆಕೆನ್, ಎಲ್ಲವೂ ಇಲ್ಲಿನ ಕಾರ್ಖಾನೆಗಳಲ್ಲೇ ತಯಾರಾಗುತ್ತಿವೆ. ಅದೇನೂ ಅಪರಾಧವಲ್ಲ, ಇಲ್ಲಿನವರಿಗೆ ಕೆಲಸ ಸಿಗುತ್ತದೆ. ಆದರೆ ಅಂಗಡಿಯವನನ್ನು ಕೇಳಿ ನೋಡಿ, ‘ಫಾರಿನ್ ಬ್ರ್ಯಾಂಡು ಸಾರ್’ ಎಂದೇ ಉತ್ತರ. ದೇಶಿ ಬಾಟಲಿಗಿಂತ ಹೆಚ್ಚು ಬೆಲೆ ಕೊಡುವ ಹುಡುಗ ಆ ಮಾತಿಗೇ ದುಡ್ಡು ಕೊಡುತ್ತಾನೆ. ಇಲ್ಲಿ ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ. ಸೋಡಾದ ಹೆಸರಿನಲ್ಲಿ, ಕುಡಿಯುವ ನೀರಿನ ಹೆಸರಿನಲ್ಲಿ ಅದೇ ಚಿಹ್ನೆಯನ್ನು ತೋರಿಸುತ್ತಾರೆ. ಹಾಗಾಗಿ ಬಾಟಲಿಯ ಮೇಲಿನ ಪರದೇಶದ ಹೆಸರು ಇಲ್ಲಿ ಇನ್ನೂ ಹೆಚ್ಚು ದುಡಿಯುತ್ತದೆ. ಇಲ್ಲಿನ ಬಾವಿಯ ನೀರು, ಇಲ್ಲಿನ ಪಾಳಿಯ ಕೆಲಸಗಾರ, ಬಾಟಲಿ ತೊಳೆಯುವ ಹೆಂಗಸು, ಇವರ ಊರಿನ ಹೆಸರು ಬೆಲೆ ಇಳಿಸುತ್ತದೆ ಎಂಬ ಕಾರಣಕ್ಕೆ ಹಿಂದಿನ ಲೇಬಲ್ಲಿನ ಮೂಲೆಗೆ ಸೇರುತ್ತದೆ. ತನ್ನ ಕೈಕೆಲಸಕ್ಕೆ ತನ್ನ ಊರಿನ ಹೆಸರು ಹೇಳಿದರೆ ಬೆಲೆ ಬರುವುದಿಲ್ಲ ಎಂದು ನಂಬಿದ ದೇಶ ಇದು. ಬಿಯರನ್ನು ಬಿಡಿ, ಈ ರೋಗ ಬಟ್ಟೆಯಲ್ಲಿದೆ, ಚಪ್ಪಲಿಯಲ್ಲಿದೆ, ಬಿಸ್ಕತ್ತಿನಲ್ಲಿದೆ.

ಪೊಟ್ಟಣದ ಮೇಲೆ ತಯಾರಕನ ಹೆಸರು, ವಿಳಾಸ ಇರಲೇಬೇಕು ಎಂದು 2011ರ ನಿಯಮಗಳು ಹೇಳುತ್ತವೆ. ಅದನ್ನು ನೋಡಿಕೊಳ್ಳಲು ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ನಾವು ಕೇಳುವುದು ಒಂದೇ ತಿದ್ದುಪಡಿ. ಯಾವ ಸರಕಿನ ಮೇಲಾದರೂ ಸರಿ, ಬೇರೆ ಊರಿನ ಅಥವಾ ದೇಶದ ಹೆಸರು, ಬಾವುಟ, ಭಾಷೆಯನ್ನು ಎಷ್ಟು ದೊಡ್ಡದಾಗಿ ಮೆರೆಸುತ್ತಾರೋ, ಅದು ನಿಜವಾಗಿ ತಯಾರಾದ ಊರಿನ ಹೆಸರನ್ನೂ ಅದೇ ಮುಖದ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ನಮ್ಮಲ್ಲಿ ಅದು ಕನ್ನಡದಲ್ಲೂ ಇರಬೇಕು. ಲೇಬಲ್ಲಿನಲ್ಲಿ ಜಾಗ ಇಲ್ಲ ಎಂದು ಕಂಪನಿಗಳು ಹೇಳಿಯಾವು. 1516ರ ಕಾನೂನಿಗೆ ಜಾಗ ಇತ್ತಲ್ಲ.

ಬೆಕ್ಸ್‌ನ ರಾಜಿಯಲ್ಲಿ ಇನ್ನೊಂದು ಷರತ್ತು ಇತ್ತು. ಅಮೆರಿಕದಲ್ಲಿ ತಯಾರಾದದ್ದು ಎಂದು ಬಾಟಲಿ ಮತ್ತು ಪೆಟ್ಟಿಗೆಯ ಮೇಲೆ ಕಾಣುವಂತೆ ಬರೆಯಲು ಕಂಪನಿ ಒಪ್ಪಿಕೊಂಡಿತು. ಐದು ವರ್ಷದ ಮಟ್ಟಿಗೆ.